ಸುಟ್ಟಗಾಯದ ವಾರ್ಡಲ್ಲಿ ಮೆದುಳನ್ನೂ ನೋಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಮತ್ತೆ ನಮ್ಮ ರಾಜ್ಯದ ಬರ್ನ್ಸ್ ವಾರ್ಡ್‌ಗಳಲ್ಲಿ ಹಗಲೂ ರಾತ್ರಿ ದುಡೀತಿರೋ ಡಾಕ್ಟರುಗಳಿಗೆ, ಸಿಸ್ಟರ್‌ಗಳಿಗೆ,

ನಮಸ್ಕಾರ. ನಾನು ತಿಪಟೂರು ಕಡೆ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಡಾಕ್ಟರ್ ಅಲ್ಲ. ಆದ್ರೆ 41 ದಿನ ಬರ್ನ್ಸ್ ವಾರ್ಡ್ ಹೊರಗಿನ ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಮಲಗಿದೀನಿ, ಆಮೇಲೆ ಎಂಟು ತಿಂಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೀನಿ, ಅರ್ಥ ಆಗದೇ ಇದ್ದಿದ್ದನ್ನ ಪರಿಚಯದ ಡಾಕ್ಟರುಗಳ ಹತ್ರ ಕೂತು ಕೇಳಿದೀನಿ. ಜಾಸ್ತಿ ಸುಟ್ಟೋರಿಗೆ ಚರ್ಮದ ಜೊತೆ ಮೆದುಳಿಗೂ ಪೆಟ್ಟು ಬೀಳುತ್ತೆ. ನಾನು ಕಂಡ ವಾರ್ಡಲ್ಲಿ ಅದನ್ನ ಯಾರೂ ಬರೆದಿಡ್ತಿರಲಿಲ್ಲ. ಬರೆದಿಡದೇ ಹೋದ್ರೆ ಅದನ್ನ ತಡೆಯೋ ಔಷಧಿ ಯಾವ್ದು ಕೆಲ್ಸ ಮಾಡುತ್ತೆ ಯಾವ್ದು ಮಾಡಲ್ಲ ಅಂತ ಯಾವತ್ತೂ ಗೊತ್ತಾಗಲ್ಲ. ಈ ಪತ್ರ ಅದಕ್ಕೇ.

ಹೋದ ವರ್ಷ ಧನುರ್ಮಾಸದಲ್ಲಿ, ಬೆಳಗಿನ ಜಾವ ಐದೂಕಾಲಿರ್ಬೇಕು, ನಮ್ಮತ್ತಿಗೆ ಬಚ್ಚಲಮನೇಲಿ ಹಂಡೆ ಒಲೆಗೆ ತೆಂಗಿನ ಮಟ್ಟೆ ತುಂಬಿ ಉರಿ ಹಾಕ್ತಿದ್ರು. ಚಳಿ ಅಂತ ಬಾಗಿಲು ಮುಚ್ಕೊಂಡಿದ್ರು. ಸಿಂಥೆಟಿಕ್ ಸೀರೆ, ಸೆರಗು ಒಲೆ ಬಾಯಿಗೆ ಯಾವಾಗ ತಾಗ್ತೋ ಗೊತ್ತಾಗಿಲ್ಲ. ಅಣ್ಣ ಬಾಗಿಲು ಒದ್ದು ಒಳಗೆ ಹೋಗೋಷ್ಟರಲ್ಲಿ ಹೊಗೆ ತುಂಬ್ಕೊಂಡು ಏನೂ ಕಾಣ್ತಿರಲಿಲ್ಲವಂತೆ, ಕಂಬಳಿ ಸುತ್ತಿ ಎತ್ಕೊಂಡು ಬಂದ. ಎದೆ, ಹೊಟ್ಟೆ, ಎರಡು ಕೈ, ಒಂದು ತೊಡೆ. ಆಸ್ಪತ್ರೇಲಿ ಮೈ 38 ಪರ್ಸೆಂಟ್ ಸುಟ್ಟಿದೆ ಅಂತ ಬರೆದ್ರು.

ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಪ್ರತೀ ಕಡೆ ಒಂದು ಚೀಟಿ, ಒಂದು ಬಾಟ್ಲು ಡ್ರಿಪ್, ಮುಂದಕ್ಕೆ ಹೋಗಿ. ಬೆಂಗಳೂರು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಆಮೇಲೆ ಓದ್ಕೊಂಡ ಮೇಲೆ ನನಗೆ ಹೊಟ್ಟೆ ಉರಿದಿದ್ದು ಇಲ್ಲೇ. ಸುಟ್ಟೋರಿಗೆ ಮೊದಲ ದಿನ ಎಷ್ಟು ನೀರು ಏರಿಸ್ಬೇಕು ಅನ್ನೋದಕ್ಕೆ ಪಾರ್ಕ್‌ಲ್ಯಾಂಡ್ ಸೂತ್ರ ಅಂತ ಒಂದಿದೆ, 1960ರ ದಶಕದಿಂದ ಚಾಲ್ತಿಲಿದೆ, ನಾಲ್ಕು ಎಂಎಲ್ ಇಂಟು ತೂಕ ಇಂಟು ಸುಟ್ಟ ಪರ್ಸೆಂಟ್. ನಮ್ಮತ್ತಿಗೆ 55 ಕೆಜಿ. ಲೆಕ್ಕ ಹಾಕಿದ್ರೆ 8360 ಎಂಎಲ್ ಬರುತ್ತೆ, ಅದ್ರಲ್ಲಿ ಅರ್ಧ, ಅಂದ್ರೆ ನಾಲ್ಕು ಲೀಟರ್ ಮೇಲೆ, ಮೊದಲ 8 ಗಂಟೇಲಿ ಹೋಗ್ಬೇಕು, ಆ 8 ಗಂಟೆ ಲೆಕ್ಕ ಸುಟ್ಟ ಹೊತ್ತಿಂದ, ಆಸ್ಪತ್ರೆಗೆ ಬಂದ ಹೊತ್ತಿಂದ ಅಲ್ಲ. ಅವರಿಗೆ ಏಳು ಗಂಟೇಲಿ ಹೋಗಿದ್ದು ಎರಡು ಬಾಟ್ಲು. ಒಂದು ಲೀಟರ್. ಹತ್ತನೇ ಕ್ಲಾಸ್ ಹುಡುಗ್ರು ಮಾಡೋ ಗುಣಾಕಾರ ಇದು.

ಮತ್ತೆ ಆಂಬುಲೆನ್ಸಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ 98 ಇದೆ ಚೆನ್ನಾಗಿದೆ ಅಂತ ಮಾಸ್ಕ್ ತೆಗೆದ್ರು. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದೋರಿಗೆ ಆ ಕ್ಲಿಪ್ ನಂಬೋ ಹಾಗಿಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಮಾಮೂಲಿ ಆಕ್ಸಿಮೀಟರ್‌ಗೆ ಅದು ಯಾವ್ದು ಇದು ಯಾವ್ದು ಗೊತ್ತಾಗಲ್ಲ, ಎರಡನ್ನೂ ಸೇರಿಸಿ ಆಕ್ಸಿಜನ್ ಅಂತಾನೇ ತೋರಿಸುತ್ತೆ. ಮಾಮೂಲಿ ಗಾಳೀಲಿ ಅದು ಅರ್ಧ ಇಳಿಯೋಕೆ ನಾಲ್ಕೈದು ಗಂಟೆ ಬೇಕು, ಪೂರ್ತಿ ಆಕ್ಸಿಜನ್ ಕೊಟ್ರೆ ಒಂದು ಒಂದೂವರೆ ಗಂಟೆ. ಮಾಸ್ಕ್ ತೆಗೀಬಾರ್ದಿತ್ತು.

ಮೊದಲೆರಡು ದಿನ ಅತ್ತಿಗೆ ಚೆನ್ನಾಗೇ ಮಾತಾಡಿದ್ರು. ಡೈರಿ ಲೆಕ್ಕದ ಪುಸ್ತಕ ಎಲ್ಲಿಟ್ಟಿದೀನಿ ಅಂತ ಹೇಳಿದ್ರು, ಹಸುಗೆ ಹಿಂಡಿ ಹಾಕಿದ್ರಾ ಅಂತ ಕೇಳಿದ್ರು. ಮೂರನೇ ರಾತ್ರಿ ಎಲ್ಲ ತಿರುಗ್ತು. ಮೇಲೆ ಫ್ಯಾನಿನ ಮೇಲೆ ಕೋಳಿ ಕೂತಿದಾವೆ ಓಡ್ಸಿ ಅಂತ ಕೂಗಾಡಿದ್ರು. ಪಿಯುಸಿ ಓದ್ತಿರೋ ಮಗ ಹತ್ರ ಹೋದ್ರೆ ಯಾರಪ್ಪ ನೀನು ಅಂದ್ರು. ಡ್ರಿಪ್ ಕಿತ್ತಾಕಿದ್ರು. ಬೆಳಗ್ಗೆ ಹೊತ್ತಿಗೆ ಕೂಗಾಟ ನಿಂತು ಸುಮ್ನೆ ಗೋಡೆ ನೋಡ್ಕೊಂಡು ಮಲಗಿದ್ರು, ಕರೆದ್ರೆ ಉತ್ತರ ಇಲ್ಲ. ನಾವು ಪರವಾಗಿಲ್ಲ ಈಗ ಶಾಂತ ಆದ್ರು ಅಂದ್ಕೊಂಡ್ವಿ. ಅದು ಶಾಂತ ಅಲ್ಲ, ಕೂಗಾಡೋದಕ್ಕಿಂತ ಆ ಮೌನ ಜಾಸ್ತಿ ಅಪಾಯ ಅಂತ ಆಮೇಲೆ ಓದಿದ್ದು.

ಕೇಳಿದ್ರೆ ಶಾಕ್ ಆಗಿದೆ ಅಂದ್ರು, ಮನಸ್ಸಿಗೆ ಹೆದರಿಕೆ ಆಗಿದೆ ಅಂದ್ರು, ಕೈ ಕಟ್ಟಿದ್ರು, ನಿದ್ದೆ ಇಂಜೆಕ್ಷನ್ ಕೊಟ್ರು. ಊರಿಂದ ಬಂದೋರು ಗಾಳಿ ಸೋಕಿದೆ ಅಂತ ತಾಯತ ತಂದ್ರು. ಯಾರನ್ನೂ ಬಯ್ಯೋಕೆ ಬರೀತಿಲ್ಲ, ಒಬ್ಬ ಸಿಸ್ಟರ್‌ಗೆ ಅಷ್ಟೊಂದು ಪೇಷಂಟ್, ರಾತ್ರಿಯೆಲ್ಲ ಡ್ರೆಸ್ಸಿಂಗ್, ಅವರು ಏನು ಮಾಡಕ್ಕಾಗುತ್ತೆ. ಐದನೇ ದಿನ ಪಿಜಿ ಓದ್ತಿರೋ ಒಬ್ಬ ಡಾಕ್ಟರ್ ಹುಡುಗಿ ರೌಂಡ್ಸಿಗೆ ಬಂದು ರಕ್ತದ ಸೋಡಿಯಂ, ಅಂದ್ರೆ ಉಪ್ಪಿನಂಶದ ರಿಪೋರ್ಟ್ ನೋಡಿ, 118 ಇದೆಯಲ್ಲ ಇವರಿಗೆ, ಅಂತ ಓಡಿದ್ಳು. ಅದು 135ರ ಮೇಲೆ ಇರ್ಬೇಕು. ಅದನ್ನ ಬೇಗ ಬೇಗ ಏರಿಸಿದ್ರೂ ಮೆದುಳಿನ ಕಾಂಡಕ್ಕೆ ಪೆಟ್ಟು, ಹಾಗಾಗಿ ನಿಧಾನಕ್ಕೆ ಸರಿ ಮಾಡಿದ್ರು. ಆ ಹುಡುಗಿ ಹೆಸರು ಬರೆಯಲ್ಲ, ಆದ್ರೆ ನಮ್ಮನೇಲಿ ದಿನಾ ದೀಪ ಹಚ್ಚೋವಾಗ ನೆನೆಸ್ಕೊಳ್ತೀವಿ.

ಈ ಸ್ಥಿತಿಗೆ ಬರ್ನ್ ಎನ್ಸೆಫಲೋಪತಿ ಅಂತ ಹೆಸರೇ ಇದೆ, 1970ರ ದಶಕದಿಂದಾನೇ ಮಕ್ಕಳಲ್ಲಿ ಇದನ್ನ ಗುರುತಿಸಿ ಬರೆದಿದಾರೆ. ಗೊಂದಲ, ಭ್ರಮೆ, ಫಿಟ್ಸ್, ಕೋಮಾ. ಕಾರಣ ಒಂದಲ್ಲ. ಹೊಗೆ, ನೀರು ಕಮ್ಮಿಯಾಗಿ ಬಿಪಿ ಬೀಳೋದು, ಸೋಡಿಯಂ ಇಳಿಯೋದು, ಗಾಯದ ಇನ್‌ಫೆಕ್ಷನ್ ರಕ್ತಕ್ಕೆ ಏರೋದು, ತಡೆಯಕ್ಕಾಗದ ನೋವು, ನೋವಿಗೆ ನಿದ್ದೆಗೆ ಕೊಟ್ಟ ಔಷಧಿಗಳು. ಇದರ ಜೊತೆಗೆ, ನಾನು ಈ ಪತ್ರ ಬರೆಯೋಕೆ ಕಾರಣ ಆಗಿರೋದು, ಆಕ್ಸಿಡೇಟಿವ್ ಸ್ಟ್ರೆಸ್, ಅಂದ್ರೆ ಆಕ್ಸಿಜನ್ನಿಂದ ಹುಟ್ಟೋ ಪುಂಡ ಕಣಗಳು ಮಾಡೋ ಹಾನಿ.

ಕ್ಲಾಸಲ್ಲಿ ಹೇಳೋ ಥರಾನೇ ಹೇಳ್ತೀನಿ. ಕಡಲೆಕಾಯಿ ಎಣ್ಣೆ ಮುಚ್ಚದೆ ಇಟ್ರೆ ಸ್ವಲ್ಪ ದಿನಕ್ಕೆ ಕಮಟು ವಾಸನೆ ಬರುತ್ತೆ, ನಮ್ಮ ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡಲ್ಲ. ಯಾಕೆ ಅಂದ್ರೆ ಕೊಬ್ಬರಿ ಎಣ್ಣೆಯ ಕೊಬ್ಬಲ್ಲಿ ಆಕ್ಸಿಜನ್ ಹೋಗಿ ಹಿಡ್ಕೊಳ್ಳೋ ಸಡಿಲ ಜಾಗ ಬಹಳ ಕಮ್ಮಿ. ಮೆದುಳು ಕೊಬ್ಬಿನ ಅಂಗ, ಅದೂ ಬೇಗ ಕಮಟು ಹಿಡಿಯೋ ಜಾತಿ ಕೊಬ್ಬು ಅದರಲ್ಲಿ ಜಾಸ್ತಿ. ದೇಹದ ತೂಕದಲ್ಲಿ ಮೆದುಳು ಬರೀ 2 ಪರ್ಸೆಂಟ್, ಆದ್ರೆ ದೇಹ ಬಳಸೋ ಆಕ್ಸಿಜನ್‌ನಲ್ಲಿ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು. ಮೈ ಸುಟ್ಟಾಗ ಬಿಳಿ ರಕ್ತಕಣಗಳು ಕೆರಳಿ, ರಕ್ತ ಸಿಗದೆ ಒಣಗಿದ್ದ ಅಂಗಾಂಶಕ್ಕೆ ಮತ್ತೆ ರಕ್ತ ನುಗ್ಗಿ, ಫ್ರೀ ರ‍್ಯಾಡಿಕಲ್ ಅನ್ನೋ ಕಣಗಳು ಇಡೀ ಮೈಗೆ ಹರಡ್ತವೆ, ಗಾಯ ಎದೇಲಿದ್ರೂ ಏಟು ದೂರದ ಅಂಗಕ್ಕೆ ಬೀಳುತ್ತೆ. ಇಲಿಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಬೆನ್ನಿನ ಚರ್ಮ ಸುಟ್ಟ ಮೇಲೆ ಮೆದುಳಲ್ಲಿ ಈ ಕಮಟು ಹಿಡಿದ ಕೊಬ್ಬಿನ ಗುರುತು ಏರಿದ್ದು, ರಕ್ತಕ್ಕೂ ಮೆದುಳಿಗೂ ಮಧ್ಯೆ ಇರೋ ಬೇಲಿ ಸಡಿಲ ಆಗಿದ್ದು ಕಂಡಿದೆ. ಇದನ್ನ ತಡೆಯೋ ಕಾವಲುಗಾರರು ದೇಹದಲ್ಲೇ ಇದಾರೆ, ಇವನ್ನೇ ಆಂಟಿಆಕ್ಸಿಡೆಂಟ್ ಅನ್ನೋದು, ವಿಟಮಿನ್ ಸಿ, ವಿಟಮಿನ್ ಇ, ಗ್ಲುಟಾಥಯೋನ್, ಸೆಲೆನಿಯಂ ತಾಮ್ರ ಸತುವು ಬೇಕಾಗೋ ಕಿಣ್ವಗಳು. ಜಾಸ್ತಿ ಸುಟ್ಟೋರಲ್ಲಿ ಇವೆಲ್ಲ ಬೇಗ ಖಾಲಿ ಆಗ್ತವೆ, ಒಂದಿಷ್ಟು ಗಾಯದಿಂದ ಸೋರೋ ನೀರಲ್ಲೇ ಹೋಗುತ್ತೆ.

ಹಾಗಾದ್ರೆ ಖಾಲಿ ಆಗಿದ್ದನ್ನ ತುಂಬಿದ್ರೆ ಮೆದುಳು ಉಳಿಯುತ್ತಾ? ಈ ಪ್ರಶ್ನೆಗೇ ಉತ್ತರ ಬೇಕಾಗಿರೋದು.

2000ನೇ ಇಸವೀಲಿ ಜಪಾನಿನ ಡಾಕ್ಟರುಗಳು ಒಂದು ಅಧ್ಯಯನ ಪ್ರಕಟ ಮಾಡಿದ್ರು, 37 ಜನ ಪೇಷಂಟ್‌ಗಳು. ಅರ್ಧದಷ್ಟು ಜನಕ್ಕೆ ಮೊದಲ 24 ಗಂಟೆ ವಿಟಮಿನ್ ಸಿ ಡ್ರಿಪ್, ಪ್ರತೀ ಕೆಜಿಗೆ ಗಂಟೆಗೆ 66 ಮಿಲಿಗ್ರಾಂ. ನಮ್ಮತ್ತಿಗೆ ತೂಕಕ್ಕೆ ಲೆಕ್ಕ ಹಾಕಿದ್ರೆ ಒಂದು ದಿನಕ್ಕೆ 87 ಗ್ರಾಂ, ಆರೋಗ್ಯವಾಗಿರೋರಿಗೆ ದಿನಕ್ಕೆ 100 ಮಿಲಿಗ್ರಾಂ ಒಳಗೇ ಸಾಕು ಅನ್ನೋದು ನೆನಪಿರ್ಲಿ. ಆ ಗುಂಪಿಗೆ ಏರಿಸ್ಬೇಕಾದ ನೀರು ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು, ವೆಂಟಿಲೇಟರ್ ಮೇಲಿದ್ದ ದಿನ ಸರಾಸರಿ 21ರಿಂದ 12ಕ್ಕೆ ಬಂತು. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀರು ಕಮ್ಮಿ ಸಾಕು ಅಂದ್ರೆ ಊತ ಕಮ್ಮಿ, ಊತ ಕಮ್ಮಿ ಅಂದ್ರೆ ಮೆದುಳಿಗೂ ಒಳ್ಳೇದಿರ್ಬಹುದು, ಆದ್ರೆ ಆ ಅಧ್ಯಯನ ನೋಡಿದ್ದು ನೀರು, ಶ್ವಾಸಕೋಶ, ತೂಕ. ಪೇಷಂಟ್‌ಗೆ ಬುದ್ಧಿ ಸ್ಥಿಮಿತದಲ್ಲಿತ್ತಾ ಅನ್ನೋದು ಅದರ ಪ್ರಶ್ನೆ ಆಗಿರಲಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ತಾಮ್ರ, ಸೆಲೆನಿಯಂ, ಸತುವು ಡ್ರಿಪ್ಪಲ್ಲಿ ಕೊಟ್ಟು ಸುಟ್ಟೋರಲ್ಲಿ ಇನ್‌ಫೆಕ್ಷನ್ ಕಮ್ಮಿ ಆಗಿದ್ದನ್ನ ತೋರಿಸಿದ್ರು. ಇನ್‌ಫೆಕ್ಷನ್ ಕೂಡ ಮೆದುಳನ್ನ ಕೆಡಿಸೋ ದಾರಿನೇ, ಆದ್ರೂ ಅಲ್ಲೂ ನೇರವಾಗಿ ನೋಡಿದ್ದು ಮೆದುಳಲ್ಲ. ರಷ್ಯಾ ಕಡೆ ಮೆಕ್ಸಿಡಾಲ್, ಸೈಟೋಫ್ಲೇವಿನ್ ಅನ್ನೋ ಔಷಧಿಗಳನ್ನ ಮೆದುಳಿನ ತೊಂದರೆಗೆ ವರ್ಷಗಟ್ಟಲೆಯಿಂದ ಬಳಸ್ತಿದಾರೆ. ಜಪಾನಲ್ಲಿ ಎಡರಾವೋನ್ ಅನ್ನೋ ಆಂಟಿಆಕ್ಸಿಡೆಂಟ್‌ಗೆ ಪಾರ್ಶ್ವವಾಯು ಆದೋರಿಗೆ ಕೊಡೋಕೆ 2001ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದು ನಮ್ಮಲ್ಲೂ ಸಿಗುತ್ತೆ.

ಇಷ್ಟು ಓದಿದ ಮೇಲೆ ನನಗೂ ಹಾಗಾದ್ರೆ ಎಲ್ಲರಿಗೂ ಕೊಟ್ಬಿಡ್ಲಿ ಅನ್ಸಿತ್ತು. ಅದು ತಪ್ಪು. 2022ರಲ್ಲಿ ಲೋವಿಟ್ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಸೆಪ್ಸಿಸ್ ಆಗಿ, ಅಂದ್ರೆ ಇನ್‌ಫೆಕ್ಷನ್ ಮೈಯೆಲ್ಲ ಕೆಡಿಸಿ ಐಸಿಯುನಲ್ಲಿದ್ದ 872 ಜನ, ವಿಟಮಿನ್ ಸಿ ತಗೊಂಡೋರಲ್ಲಿ 44.5 ಪರ್ಸೆಂಟ್ ಜನ ತೀರ್ಕೊಂಡ್ರು ಅಥವಾ ಅಂಗಾಂಗ ಕೆಟ್ಟೇ ಉಳೀತು, ತಗೊಳ್ದೇ ಇದ್ದೋರಲ್ಲಿ ಅದು 38.5. ಅದೇ ವರ್ಷ ಸುಟ್ಟಗಾಯದವರಲ್ಲೇ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ ಕೊಟ್ಟು ನೋಡಿದ ಅಧ್ಯಯನ ಬಂತು, 1200 ಜನ, ಏನೂ ಉಪಯೋಗ ಕಾಣಲಿಲ್ಲ. ಎಷ್ಟೋ ವರ್ಷ ಒಳ್ಳೇದು ಅಂತ ನಂಬ್ಕೊಂಡು ಕೊಡ್ತಿದ್ದಿದ್ದು ಅದು. ಮತ್ತೆ ವಿಟಮಿನ್ ಸಿ ಆ ಪ್ರಮಾಣದಲ್ಲಿ ಹೋದಾಗ ಕಿಡ್ನೀಲಿ ಆಕ್ಸಲೇಟ್ ಹರಳು ಕಟ್ಟಬಹುದು, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ರಕ್ತಕಣ ಒಡೀಬಹುದು, ಮೂತ್ರ ಸುಮ್ನೆ ಜಾಸ್ತಿ ಬಂದು ನೀರು ಸಾಕಾಗಿದೆ ಅಂತ ಡಾಕ್ಟರ್‌ಗೆ ಅನ್ಸಬಹುದು. ನನಗೆ ಎಲ್ಲಕ್ಕಿಂತ ಭಯ ಆಗಿದ್ದು ಇನ್ನೊಂದು. ವಾರ್ಡಲ್ಲಿ ಬೆರಳು ಚುಚ್ಚಿ ಶುಗರ್ ನೋಡ್ತಾರಲ್ಲ, ಆ ಕೆಲವು ಮಷಿನ್‌ಗಳು ವಿಟಮಿನ್ ಸಿ ಯನ್ನೇ ಸಕ್ಕರೆ ಅಂದ್ಕೊಂಡು ಜಾಸ್ತಿ ತೋರಿಸ್ತವೆ. ಅದನ್ನ ನಂಬಿ ಇನ್ಸುಲಿನ್ ಕೊಟ್ರೆ ನಿಜವಾದ ಶುಗರ್ ಕೆಳಗೆ ಬಿದ್ದು ಮೆದುಳೇ ಹಾಳಾಗುತ್ತೆ. ಮೆದುಳು ಉಳಿಸೋಕೆ ಕೊಟ್ಟ ಔಷಧಿಯಿಂದಾನೇ. ಅದಕ್ಕೆ ಲ್ಯಾಬಲ್ಲೇ ಶುಗರ್ ನೋಡ್ಬೇಕು.

ಇನ್ನೊಂದು ಕಡೆ ನೋಡಿ. ಡಿಸ್ಚಾರ್ಜ್ ಆದ್ಮೇಲೆ ಊರ ಹತ್ರದ ಒಂದು ನರ್ಸಿಂಗ್ ಹೋಮಲ್ಲಿ ಮೆದುಳಿಗೆ ಶಕ್ತಿ ಬರುತ್ತೆ ಅಂತ ಗ್ಲುಟಾಥಯೋನ್ ಡ್ರಿಪ್ ಐದು ಬರೆದುಕೊಟ್ರು. ಅಣ್ಣ ಎರಡು ಹಾಕ್ಸಿದ, ಮೂರನೇದಕ್ಕೆ ಹಸು ಮಾರೋ ಮಾತಾಡ್ದ, ಆಗ ನಾನು ಬಿಡಿಸ್ದೆ. ಯಾವ ಆಧಾರದ ಮೇಲೆ ಕೊಡ್ತಿದೀರಿ ಅಂತ ಕೇಳಿದ್ರೆ ಉತ್ತರ ಬರ್ಲಿಲ್ಲ. ಮೈ ಬೆಳ್ಳಗಾಗೋಕೆ ಅಂತ ಸಿಟಿಗಳಲ್ಲಿ ಹಾಕೋದೂ ಅದೇ ಡ್ರಿಪ್ಪು. ಸರ್ಕಾರಿ ವಾರ್ಡಲ್ಲಿ ಈ ಪ್ರಶ್ನೆನೇ ಯಾರೂ ಕೇಳಲ್ಲ, ಹೊರಗಡೆ ಉತ್ತರ ಗೊತ್ತಿಲ್ದೇನೇ ಮಾರ್ತಾರೆ. ಇದರ ಮಧ್ಯೆ ಸಾಯ್ತಿರೋರು ನಮ್ಮಂಥೋರು.

ಸಾರ್, ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮದಿಂದ ತೀವ್ರವಾಗಿ ಸುಡ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಜಪಾನ್‌ನವರು 37 ಜನರ ಮೇಲೆ ನೋಡಿದ್ರು. ನಮ್ಮಲ್ಲಿ ಪೇಷಂಟ್‌ಗಳಿಗೆ ಬರಗಾಲ ಇಲ್ಲ, ಅದೇ ದುಃಖ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೇಲಿ ಮಹಾಬೋಧಿ ಬರ್ನ್ಸ್ ಸೆಂಟರ್ ಇದೆ, ಸ್ಕಿನ್ ಬ್ಯಾಂಕ್ ಇದೆ. ಹುಬ್ಬಳ್ಳೀಲಿ ಮುಂಚೆ ಕಿಮ್ಸ್ ಅಂತಿದ್ದ ಸರ್ಕಾರಿ ಆಸ್ಪತ್ರೆ ಇದೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ ಇದೆ. ವಿಕ್ಟೋರಿಯಾ ಇರೋ ಊರಲ್ಲೇ ನಿಮ್ಹಾನ್ಸ್ ಇದೆ, ಮೆದುಳಿನ ವಿಷಯದಲ್ಲಿ ದೇಶಕ್ಕೇ ದೊಡ್ಡ ಸಂಸ್ಥೆ, ಕನ್ನಡದಲ್ಲೇ ನೆನಪು, ಲೆಕ್ಕ, ಮಾತು ಪರೀಕ್ಷೆ ಮಾಡೋ ಟೆಸ್ಟ್‌ಗಳು ಅವರ ಹತ್ರ ಇವೆ. ಚರ್ಮ ನೋಡೋರು ಒಂದು ಕಡೆ, ಮೆದುಳು ನೋಡೋರು ಇನ್ನೊಂದು ಕಡೆ, ಇವರನ್ನ ಒಂದೇ ಟೇಬಲ್ಲಿಗೆ ಕೂರಿಸೋ ಅಧಿಕಾರ ನಿಮ್ಮ ಕೈಲಿದೆ. ಇವರೆಲ್ಲ ಸೇರಿ ಒಂದು ಸರಿಯಾದ ಟ್ರಯಲ್, ಅಂದ್ರೆ ಪೇಷಂಟ್‌ಗಳಲ್ಲಿ ಔಷಧಿ ಪರೀಕ್ಷೆ, ಮಾಡ್ಲಿ. ಯಾವ ಆಂಟಿಆಕ್ಸಿಡೆಂಟ್, ಎಷ್ಟು, ಯಾರಿಗೆ ಕೊಡ್ಬಾರ್ದು ಅನ್ನೋದನ್ನ ತಿಳಿದೋರು ತೀರ್ಮಾನ ಮಾಡ್ಲಿ, ಎಥಿಕ್ಸ್ ಕಮಿಟಿ ಒಪ್ಪಿಗೆ ಆಗ್ಲಿ, ದೇಶದ ಟ್ರಯಲ್ ರಿಜಿಸ್ಟ್ರೀಲಿ ಮೊದಲೇ ನೋಂದಣಿ ಆಗ್ಲಿ, ಮನೆಯವರಿಗೆ ಕನ್ನಡದಲ್ಲಿ ಕೂತು ಬಿಡಿಸಿ ಹೇಳಿ ಸಹಿ ತಗೊಳ್ಳಿ. ನನ್ನ ಬೇಡಿಕೆ ಇಷ್ಟೇ, ಆ ಟ್ರಯಲ್ ಎಷ್ಟು ಜನ ಬದುಕಿದ್ರು ಅಂತ ಮಾತ್ರ ಎಣಿಸಬಾರ್ದು, ಎಷ್ಟು ದಿನ ಬುದ್ಧಿ ಸ್ಥಿಮಿತದಲ್ಲಿತ್ತು, ಮೂರು ತಿಂಗಳಿಗೆ ಆರು ತಿಂಗಳಿಗೆ ನೆನಪು ಹೇಗಿದೆ ಅಂತಾನೂ ಎಣಿಸ್ಬೇಕು. ಫಲಿತಾಂಶ ಉಪಯೋಗ ಇಲ್ಲ ಅಂತ ಬಂದ್ರೂ ಪ್ರಕಟ ಮಾಡ್ಲಿ, ಆಗ ಹಸು ಮಾರಿ ಡ್ರಿಪ್ ಹಾಕ್ಸೋದಾದ್ರೂ ನಿಲ್ಲುತ್ತೆ.

ಟ್ರಯಲ್‌ಗೆ ಟೈಮ್ ಹಿಡಿಯುತ್ತೆ, ಗೊತ್ತು. ಅಲ್ಲೀವರೆಗೆ ಕಾಯದೇ ಮಾಡೋ ಕೆಲ್ಸ ಒಂದಿದೆ. ಪ್ರತೀ ಬರ್ನ್ಸ್ ಬೆಡ್ಡಿಗೆ ಟೆಂಪರೇಚರ್ ಚಾರ್ಟ್ ಇರೋ ಹಾಗೆ ಮೆದುಳಿನ ಚಾರ್ಟ್ ಇಡಿ. ಐಸಿಯುಗಳಲ್ಲಿ ಕ್ಯಾಮ್ ಐಸಿಯು ಅಂತ ಎರಡು ನಿಮಿಷದ ಪರೀಕ್ಷೆ ಇದೆ, ಸಿಸ್ಟರ್ ಹತ್ತು ಅಕ್ಷರ ಓದ್ತಾರೆ, ಎ ಅಂದಾಗ ಮಾತ್ರ ಪೇಷಂಟ್ ಕೈ ಅದುಮ್ಬೇಕು, ತಪ್ಪು ಜಾಸ್ತಿ ಆದ್ರೆ ಗಮನ ನಿಲ್ತಿಲ್ಲ ಅಂತ ಅರ್ಥ. ಇಂಗ್ಲಿಷ್ ಅಕ್ಷರ ಬರದ ನಮ್ಮ ಹಳ್ಳಿ ಹೆಂಗಸರಿಗೆ ಅ ಅನ್ನೋ ಶಬ್ದ ಇಟ್ಕೊಂಡು ಮಾಡೋ ಹಾಗೆ ನಿಮ್ಹಾನ್ಸ್‌ನವರು ಸರಿಪಡಿಸಿ ಕೊಡ್ಲಿ. ಕೈ ಸುಟ್ಟೋರು ಕಣ್ಣು ಮಿಟುಕಿಸ್ಲಿ. ಇದಕ್ಕೆ ಮಷಿನ್ ಬೇಡ, ಟೆಂಡರ್ ಬೇಡ, ಒಂದು ಹಾಳೆ ಸಾಕು. ಚಾರ್ಟಲ್ಲಿ ಗೊಂದಲ ಕಂಡ ತಕ್ಷಣ ಸೋಡಿಯಂ, ಶುಗರ್, ಆಕ್ಸಿಜನ್, ಇನ್‌ಫೆಕ್ಷನ್, ನೋವು ನೋಡ್ಲೇಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ನಮ್ಮತ್ತಿಗೆ ಸೋಡಿಯಂ ಆ ಎರಡು ದಿನ ಕೆಳಗೆ ಇಳೀತಾ ಇದ್ದಿದ್ದು ಈ ಒಂದು ಹಾಳೆ ಇಲ್ಲದ್ದಕ್ಕೆ ಯಾರ ಕಣ್ಣಿಗೂ ಬೀಳಲಿಲ್ಲ.

ಈ ಹಾಳೆ ಇನ್ನೊಂದಕ್ಕೂ ಬೇಕು, ಇದು ಬರೆಯೋವಾಗ ಕೈ ನಡುಗುತ್ತೆ. ಸುಟ್ಟ ಕೇಸ್ ಅಂದ್ರೆ ಪೊಲೀಸ್ ಬಂದೇ ಬರ್ತಾರೆ. ನಾಲ್ಕನೇ ದಿನ ಹೇಳಿಕೆ ತಗೊಳ್ಳೋಕೆ ಬಂದಾಗ ಅತ್ತಿಗೆ, ನಮ್ಮತ್ತೆ ಬೆಂಕಿ ಇಟ್ರು, ಅಂದ್ರು. ನಮ್ಮಮ್ಮ ತೀರ್ಕೊಂಡು ಆಗಲೇ ಎರಡು ವರ್ಷ ಆಗಿತ್ತು. ಬಂದಿದ್ದ ಪೊಲೀಸಪ್ಪ ಒಳ್ಳೇ ಮನುಷ್ಯ, ವಿಚಾರಿಸಿ, ಈಗ ಬೇಡ ಅಂತ ಹೋಗಿ ವಾರ ಬಿಟ್ಟು ಬಂದ. ಅಮ್ಮ ಬದುಕಿದ್ದಿದ್ರೆ? ಇದರ ಉಲ್ಟಾನೂ ಯೋಚನೆ ಮಾಡಿ, ನಿಜವಾಗ್ಲೂ ಗಂಡನ ಮನೆಯವರು ಸುಟ್ಟ ಹೆಣ್ಮಗಳು ಸರಿಯಾದ ಬುದ್ಧೀಲಿ ಹೇಳಿದ್ದನ್ನ ಕೋರ್ಟಲ್ಲಿ ಅವಳಿಗೆ ಭ್ರಮೆ ಇತ್ತು ಅಂತ ವಕೀಲರು ತಳ್ಳಿ ಹಾಕಬಹುದು. ಮರಣ ಹೇಳಿಕೆಗೆ ಡಾಕ್ಟರ್ ಸರ್ಟಿಫಿಕೇಟ್ ಇರ್ಲೇಬೇಕು ಅಂತಿಲ್ಲ, ಬರ್ಕೊಳ್ಳೋ ಮ್ಯಾಜಿಸ್ಟ್ರೇಟ್‌ಗೆ ಮನವರಿಕೆ ಆದ್ರೆ ಸಾಕು ಅಂತ 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಸರಿ, ಆದ್ರೆ ಆ ಮ್ಯಾಜಿಸ್ಟ್ರೇಟ್ ಕೈಗೆ ಆವತ್ತಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಪೇಷಂಟ್ ಹೇಗಿದ್ರು ಅಂತ ಸಿಸ್ಟರ್ ಬರೆದ ಚಾರ್ಟ್ ಇದ್ರೆ ಸತ್ಯ ಹೇಳಿದೋಳ ಮಾತೂ ಉಳಿಯುತ್ತೆ, ತಪ್ಪು ಮಾಡದೋರೂ ಉಳೀತಾರೆ.

ಅತ್ತಿಗೆ ಈಗ ಮನೇಲಿದಾರೆ. ಕೈ ಗಾಯ ಮಾಗಿದೆ, ಪ್ರೆಶರ್ ಗಾರ್ಮೆಂಟ್ ಅನ್ನೋ ಬಿಗಿ ಬಟ್ಟೆ ಹಾಕ್ಕೊಳ್ತಾರೆ. ಡಿಸ್ಚಾರ್ಜ್ ಸಮ್ಮರೀಲಿ ಎರಡು ಪುಟ ಇದೆ, ಗ್ರಾಫ್ಟಿಗೆ ಚರ್ಮ ಎಲ್ಲಿಂದ ತೆಗೆದ್ರು ಎಲ್ಲಿಗೆ ಹಾಕಿದ್ರು ಎಲ್ಲ ಇದೆ, ಆ ಗೊಂದಲದ ರಾತ್ರಿಗಳ ಬಗ್ಗೆ ಒಂದು ಸಾಲಿಲ್ಲ. ಹಾಲಿನ ಡೈರೀಲಿ ಹನ್ನೊಂದು ವರ್ಷ ಲೆಕ್ಕ ಬರೆದ ಹೆಂಗಸು, ಈಗ ಚಿಲ್ಲರೆ ಎಣಿಸೋವಾಗ ಮಧ್ಯದಲ್ಲಿ ನಿಂತು ನನ್ನ ಮುಖ ನೋಡ್ತಾರೆ. ಸಾರಿಗೆ ಉಪ್ಪು ಹಾಕಿದ್ನಾ ಅಂತ ಎರಡೆರಡು ಸಲ ಕೇಳ್ತಾರೆ. ಮುಂಚೆ ಇಲ್ಲದ ಕೋಪ ಬಂದಿದೆ, ಆಮೇಲೆ ಕೂತು ಅಳ್ತಾರೆ. ಇದು ಹೊಗೆಯಿಂದಾನೋ, ಸೋಡಿಯಂನಿಂದಾನೋ, ಫ್ರೀ ರ‍್ಯಾಡಿಕಲ್‌ಗಳಿಂದಾನೋ, ಅನುಭವಿಸಿದ ನೋವಿಂದಾನೋ, ಹೇಳೋಕೆ ಯಾವ ಡಾಕ್ಟರಿಗೂ ಆಗ್ತಿಲ್ಲ, ಯಾಕೆಂದ್ರೆ ಆವತ್ತಿನ ದಾಖಲೆನೇ ಇಲ್ಲ. ಆರೋಗ್ಯ ಕರ್ನಾಟಕ ಯೋಜನೇಲಿ ಆಪರೇಷನ್‌ಗೆ ದುಡ್ಡು ಬಂತು, ಅದಕ್ಕೆ ಕೈ ಮುಗೀತೀನಿ, ಆದ್ರೆ ಆರು ತಿಂಗಳ ಮೇಲೆ ಒಂದು ಸಲ ಮೆದುಳಿನ ಡಾಕ್ಟರ್ ಹತ್ರ ತೋರಿಸೋದೂ ಅದೇ ಪ್ಯಾಕೇಜಲ್ಲಿ ಸೇರ್ಲಿ ಅಂತ ಕೇಳ್ತಿದೀನಿ. ಬಸ್ ಚಾರ್ಜ್ ನಾವೇ ಹಾಕ್ಕೊಳ್ತೀವಿ.

ಒಂದು ದಾಖಲೆ ಮಾತ್ರ ಇದೆ. ಅಣ್ಣನ ಮಗ ಮೂರನೇ ರಾತ್ರಿಯಿಂದ ಅವನ ಕೆಮಿಸ್ಟ್ರಿ ನೋಟ್‌ಬುಕ್ ಹಿಂದಿನ ಪುಟಗಳಲ್ಲಿ ಟೈಮ್ ಹಾಕಿ ಬರೆದಿಟ್ಟಿದ್ದ, ರಾತ್ರಿ 2.10 ಅಮ್ಮ ಕೋಳಿ ಅಂತಿದಾರೆ, 3.40 ನನ್ನ ಗುರುತು ಸಿಗಲಿಲ್ಲ, ಬೆಳಗ್ಗೆ 6 ಮಾತಿಲ್ಲ, ಹೀಗೆ ಒಂಬತ್ತು ಪುಟ. ಸೋಡಿಯಂ ಸರಿ ಹೋದ್ಮೇಲೆ ಎಂಟನೇ ದಿನ ಸಂಜೆ 5.25ಕ್ಕೆ, ನನ್ನ ಹೆಸರು ಕರೆದ್ರು, ಅಂತ ಕೊನೇ ಸಾಲು. ಅವನ ಒಪ್ಪಿಗೆ ತಗೊಂಡು ಆ ಒಂಬತ್ತು ಪುಟದ ಜೆರಾಕ್ಸ್ ಈ ಪತ್ರದ ಜೊತೆ ನಿಮ್ಮ ಎರಡೂ ಕಚೇರಿಗೆ ಸ್ಪೀಡ್ ಪೋಸ್ಟಲ್ಲಿ ಕಳಿಸಿದೀನಿ. ಚಾರ್ಟ್ ಹೇಗಿರ್ಬೇಕು ಅಂತ ಕಮಿಟಿ ಕೂತಾಗ ಅದನ್ನ ಒಂದ್ಸಲ ಟೇಬಲ್ ಮೇಲೆ ಇಟ್ಕೊಳ್ಳಿ.

ಇಂತಿ,
ತಿಪಟೂರು ತಾಲ್ಲೂಕಿನ ಒಬ್ಬ ಮೇಷ್ಟ್ರು